ಎಡಗಡೆಯ ಕನ್ನಡಿ

ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಆಗ ಲಾರಿ ಹೊಡೆಯುವವರು ಬೆರಳೆಣಿಕೆಯ ಮಂದಿ. ಅವರಲ್ಲಿ ಜನರ ಬಾಯಲ್ಲಿ ಹೆಚ್ಚು ಓಡಾಡಿದ ಹೆಸರು ಪಿಂಜಾರ ಗುಲಾಬಸಾಬನದು. ಅವನು ಒಳ್ಳೆಯ ಡ್ರೈವರ್ ಎಂಬ ಕಾರಣಕ್ಕಲ್ಲ. ಒಳ್ಳೆಯ ಕೆಲಸಗಾರರನ್ನು ನೆನಪಿಟ್ಟುಕೊಳ್ಳುವ ರೂಢಿ ಯಾವ ಪೇಟೆಗೂ ಇಲ್ಲ. ಲಾರಿಯ ಎಡಕ್ಕೊಂದು ಕನ್ನಡಿ ಕಟ್ಟಿಕೊಂಡು ತಿರುಗುವ ತಲೆತಿರುಕ ಎಂದು ಅವನನ್ನು ಗುರುತಿಸುತ್ತಿದ್ದರು. ಹಾಗೆ ಗುರುತಿಸುವವರಲ್ಲಿ ಅರ್ಧ ಮಂದಿಗೆ ಆ ಕನ್ನಡಿ ಯಾಕೆ ಬಂತೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದರು.

ಅವನ ಅಪ್ಪನ ಕಸುಬು ಹತ್ತಿ ಹಿಂಜುವುದು. ಹಳೇ ಹುಬ್ಬಳ್ಳಿಯ ಅವರ ಮನೆಯೊಳಗೆ ಹಿಂಜುವ ಬಿಲ್ಲಿನ ತಂತಿ ಮಿಡಿಯುವ ಸದ್ದು ಇಡೀ ಓಣಿಗೆ ಕೇಳುತ್ತಿತ್ತು. ಮಗನೂ ಅದೇ ಬಿಲ್ಲು ಹಿಡಿಯಬೇಕಾಗಿತ್ತು, ಆದರೆ ಹತ್ತಿಯ ಧೂಳು ಅವನ ಎದೆಗೆ ಹಿಡಿಯಿತು. ಹದಿನೆಂಟು ತುಂಬುವುದರೊಳಗೆ ಮುದುಕರ ಹಾಗೆ ಕೆಮ್ಮತೊಡಗಿದ. ಹೀಗಾಗಿ ಅವನು ಹತ್ತಿ ವ್ಯಾಪಾರದ ನೀಲಕಂಠಪ್ಪ ಸಾವಕಾರರ ಚಕ್ಕಡಿ ಹೊಡೆಯಲು ಸೇರಿಕೊಂಡ. ಸಾವಕಾರರು ಹೊಸ ಕಾಲಕ್ಕೆ ತಕ್ಕಂತೆ ಲಾರಿ ಕೊಂಡಾಗ ಎತ್ತಿನ ಹಗ್ಗ ಬಿಟ್ಟು ಸ್ಟೇರಿಂಗ್ ಹಿಡಿದ. ಮನೆಯಲ್ಲಿ ಗಾದಿ ತುಂಬಿ ಹೊಲಿಯುವ ಕೆಲಸವನ್ನು ಹೆಂಡತಿ ಖಾತುನಬಿ ನಡೆಸಿಕೊಂಡು ಹೋದಳು.

ಗಾದಿಗೆ ಬೇಕಾದ ಹತ್ತಿಯಲ್ಲಿ ಒಂದು ಪಾಲು ಬರುತ್ತಿದ್ದದ್ದು ಬೀದಿಯಿಂದ. ಹೆಬ್ಬಳ್ಳಿಯ ಕಡೆಯಿಂದ, ನವಲಗುಂದದ ಕಡೆಯಿಂದ ಸುಗ್ಗಿಯಲ್ಲಿ ಸಾಲುಸಾಲಾಗಿ ಹತ್ತಿಯ ಚಕ್ಕಡಿಗಳು ಬರುತ್ತಿದ್ದವು. ಒಂದೊಂದರ ಮೇಲೂ ಆಳೆತ್ತರದ ಗೋಣಿಯ ಅಂಡಗಿಗಳು, ಅವುಗಳ ಹೊಲಿಗೆಯಿಂದ ಹೊರಕ್ಕೆ ಇಣುಕುವ ಬಿಳಿ ಹತ್ತಿ. ಬಡ ಹೆಂಗಸರು ಮಡಿಲು ಕಟ್ಟಿಕೊಂಡು ಚಕ್ಕಡಿಯ ಹಿಂದೆ ನಡೆಯುತ್ತ ಉದುರಿದ್ದನ್ನು ಆಯುತ್ತಿದ್ದರು; ಯಾರೂ ನೋಡದಿದ್ದರೆ ಹೊಲಿಗೆಯಿಂದಲೂ ಒಂದು ಹಿಡಿ ಎಳೆಯುತ್ತಿದ್ದರು. ನೋಡಿದವರೂ ನೋಡದ ಹಾಗೆ ಇರುತ್ತಿದ್ದರು. ಅಜ್ಜಿ ಮುತ್ತಜ್ಜಿಯರ ಕಾಲದಿಂದ ನಡೆದುಬಂದದ್ದು ಅದು, ಕಳವು ಎಂದು ಯಾರೂ ಅನ್ನುತ್ತಿರಲಿಲ್ಲ.

ಆ ಹೆಂಗಸರಿಗೆ ಒಂದು ಸಂಗತಿ ಹುಟ್ಟಿನಿಂದ ಗೊತ್ತು. ಚಕ್ಕಡಿಯ ಮುಂದೆ ಎತ್ತಿನ ಕೋಡು, ಪಕ್ಕಕ್ಕೆ ಗಾಲಿ, ಹಿಂದೆ ಮಾತ್ರ ಯಾವ ಅಂಜಿಕೆಯೂ ಇಲ್ಲ. ಚಕ್ಕಡಿ ಹಿಂದಕ್ಕೆ ಬರುವುದಿಲ್ಲ. ತರಲೇಬೇಕಾದರೆ ನಾಲ್ಕು ಮಂದಿ ನೊಗ ಹಿಡಿದು ನೂಕಬೇಕು, ಆ ಗದ್ದಲ ಅರ್ಧ ಪೇಟೆಗೆ ಕೇಳುತ್ತದೆ. ಹಾಗಾಗಿ ಹಸುಗೂಸನ್ನು ಕಂಕುಳಲ್ಲಿ ಇಟ್ಟುಕೊಂಡವಳೂ ಚಕ್ಕಡಿಯ ಬೆನ್ನಿಗೆ ಅಂಟಿಕೊಂಡು ನಿಶ್ಚಿಂತೆಯಿಂದ ನಡೆಯುತ್ತಿದ್ದಳು. ಲಾರಿ ಬಂದಾಗ ಅದರ ಹಿಂದೆಯೂ ಅವರು ಹಾಗೆಯೇ ನಡೆದರು. ಇದು ಬೇರೆ ಜಾತಿಯ ಗಾಡಿ, ಇದರ ಹಿಂದೆ ನಿಲ್ಲಬೇಡಿ ಎಂದು ಅವರಿಗೆ ಹೇಳುವ ತೊಂದರೆಯನ್ನು ಯಾರು ತೆಗೆದುಕೊಳ್ಳಬೇಕು? ಲಾರಿ ಮಾರಿದವರು ತೆಗೆದುಕೊಳ್ಳಲಿಲ್ಲ, ಕೊಂಡವರೂ ತೆಗೆದುಕೊಳ್ಳಲಿಲ್ಲ. ಗುಲಾಬಸಾಬನಿಗೂ ಹೊಳೆಯಲಿಲ್ಲ.

ಆಯುವ ಹೆಂಗಸರಲ್ಲಿ ದಾನವ್ವ ಎಂಬ ವಿಧವೆ ಖಾತುನಬಿಗೆ ಬೇಕಾದವಳು. ವಾರಕ್ಕೊಮ್ಮೆ ತಾನು ಕೂಡಿಸಿದ ಹತ್ತಿಯನ್ನು ತಂದು ಅವಳ ಅಂಗಳದಲ್ಲಿ ಸುರಿದು, ಎಲೆ ಅಡಿಕೆ ಹಾಕಿಕೊಂಡು, ಊರಿನ ಸುದ್ದಿಯನ್ನೆಲ್ಲ ಹೇಳಿ ಹೋಗುವಳು. ಗಂಡನ ಮನೆ ಬಿಟ್ಟು ಬಂದಿದ್ದ ಇಪ್ಪತ್ತರ ಮಗಳು ಈರವ್ವನೂ ಜೊತೆಗೆ ಬರುತ್ತಿದ್ದಳು. ಅವಳು ಗುಲಾಬಸಾಬನನ್ನು ಕಾಕಾ ಎಂದು ಕರೆಯುವಳು. ಮಕ್ಕಳಿಲ್ಲದ ಆ ಮನೆಯಲ್ಲಿ ಕಾಕಾ ಎನ್ನುವವರು ಬೇರೆ ಯಾರೂ ಇರಲಿಲ್ಲ.

ಮೂವತ್ತಾರನೆಯ ಇಸವಿಯ ಸುಗ್ಗಿ. ಶಿವರಾತ್ರಿ ಮುಗಿದು ಮೂರು ದಿನವಾಗಿತ್ತು. ಗುಲಾಬಸಾಬ ಹೆಬ್ಬಳ್ಳಿಯಿಂದ ಹತ್ತಿ ಹೇರಿಕೊಂಡು ಬೆಳಗಿನ ಎಂಟಕ್ಕೆ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗಿರಣಿಗೆ ಬಂದ. ಅಲ್ಲಿಯ ಬಾಗಿಲೊಳಗೆ ಲಾರಿಯನ್ನು ಹಿಂದುಹಿಂದಾಗಿಯೇ ಒಯ್ಯಬೇಕು. ಯಾವಾಗಲೂ ಹಿಂದೆ ನಿಂತು ಕೂಗಿ ಹೇಳುತ್ತಿದ್ದ ಕ್ಲೀನರ್ ಕಾಸಿಮಸಾಬ ಅವತ್ತು ಬಾಗಿಲಿನ ಸಿಕ್ಕಿಕೊಂಡ ಕದವನ್ನು ತೆರೆಯಲು ಹೋಗಿದ್ದ. ಗುಲಾಬಸಾಬ ತಾನು ಕೂತ ಬಲಗಡೆಯಿಂದ ತಲೆ ಹೊರಗೆ ಹಾಕಿ ನೋಡಿದ. ದಾರಿ ಖಾಲಿ ಇತ್ತು. ಹಿಂದಕ್ಕೆ ತೆಗೆದ.

ದಾನವ್ವ ಎಡಗಡೆಯ ಹಿಂದಿನ ಮೂಲೆಯಲ್ಲಿದ್ದಳು. ಅಂಡಗಿಯ ಹೊಲಿಗೆಗೆ ಕೈ ಹಾಕಿ ನಿಂತಿದ್ದಳು, ಬೆನ್ನಿಗೆ ಗಿರಣಿಯ ಕಲ್ಲಿನ ಗೋಡೆ. ಗುಲಾಬಸಾಬನಿಗೆ ಏನೂ ಗೊತ್ತಾಗಲಿಲ್ಲ. ಅಂಡಗಿಯೊಂದು ಗೋಡೆಗೆ ಒತ್ತಿದರೆ ಎಷ್ಟು ಮೆತ್ತಗೆ ಅನಿಸುತ್ತದೋ ಅಷ್ಟೇ ಅನಿಸಿತು. ಈರವ್ವನ ಕೂಗು ಕೇಳಿ ಇಳಿದುಬಂದಾಗ ಎಲ್ಲ ಮುಗಿದಿತ್ತು.

ಪೊಲೀಸರು ಬಂದರು, ಅಳೆದರು, ಬರೆದುಕೊಂಡರು. ಮುಂದೆ ಕೋರ್ಟಿನಲ್ಲಿ ಡ್ರೈವರನದು ತಪ್ಪಿಲ್ಲ, ನಿಲ್ಲಬಾರದ ಜಾಗದಲ್ಲಿ ನಿಂತದ್ದು ಆ ಹೆಣ್ಣುಮಗಳ ತಪ್ಪು ಎಂದಾಯಿತು. ನೀಲಕಂಠಪ್ಪ ಸಾವಕಾರರು ತಾವೇ ನಿಂತು ದಾನವ್ವನನ್ನು ಮಣ್ಣು ಮಾಡಿಸಿದ್ದರು, ಕೆಟ್ಟ ಮನುಷ್ಯರೇನಲ್ಲ. ಗುಲಾಬಸಾಬನ ಬೆನ್ನು ತಟ್ಟಿ, ಆದದ್ದಾಯಿತು, ಮರೆತುಬಿಡು ಅಂದರು. ಪೇಟೆಯವರೂ ಅದನ್ನೇ ಅಂದರು. ಪೇಟೆಗೆ ಮರೆಯುವುದು ಸುಲಭ, ಅದು ಸ್ಟೇರಿಂಗ್ ಹಿಡಿದು ಕೂತಿರಲಿಲ್ಲವಲ್ಲ.

ಅವನು ಈರವ್ವನ ಮನೆಗೆ ಹೋದ. ಅವಳು ಬೈಯುತ್ತಾಳೆ, ಮೈಮೇಲೆ ಬೀಳುತ್ತಾಳೆ ಎಂದುಕೊಂಡೇ ಹೋಗಿದ್ದ. ಹಾಗೆ ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಚಾಪೆ ಹಾಸಿ ಕೂರಿಸಿದಳು. ನೀರು ಕೊಟ್ಟು ಎದುರಿಗೆ ಕೂತಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಕಾಕಾ. ನಿಮಗ ಕಾಣಲಿಲ್ಲ, ಖರೇ. ಆದ್ರ ಲಾರಿ ಹಿಂದಕ್ಕೂ ಬರತೈತಿ ಅಂತ ನಮ್ಮವ್ವಗ ಒಬ್ಬರರ ಹೇಳಬೇಕಾಗಿತ್ತು."

ಈ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಮರುದಿನ ಅವನು ಖಾತುನಬಿಯ ಗೋಡೆಯ ಕನ್ನಡಿಯನ್ನು ಕೇಳದೆಯೇ ಇಳಿಸಿಕೊಂಡು ಕಮ್ಮಾರನ ಹತ್ತಿರ ಹೋದ. ಕಬ್ಬಿಣದ ಒಂದು ತೋಳು ಮಾಡಿಸಿ ಲಾರಿಯ ಎಡಗಡೆಗೆ ಕಟ್ಟಿದ. ಮೊದಲು ಉಬ್ಬಿದ ಅಂಡಗಿಗಳು ಕನ್ನಡಿಗೆ ಅಡ್ಡ ಬರುತ್ತಿದ್ದವು. ತೋಳನ್ನು ಒಂದು ಗೇಣು ಉದ್ದ ಮಾಡಿಸಿದ. ಆಗ ಕಾಣಿಸಿತು: ಹಿಂದಿನ ಮೂಲೆ, ಅದರಾಚೆಯ ಗೋಡೆ, ಗೋಡೆಯ ಬುಡದಲ್ಲಿ ಮಲಗಿದ ನಾಯಿ ಕೂಡ. ಅವನು ಕೂತಲ್ಲೇ ಕೂತು ಆ ನಾಯಿಯನ್ನು ಬಹಳ ಹೊತ್ತು ನೋಡಿದ. ಇಷ್ಟು ಸಣ್ಣ ಕೆಲಸ. ಕಣ್ಣಲ್ಲಿ ನೀರು ಬಂತು.

ಉಳಿದ ಡ್ರೈವರುಗಳಿಗೆ ಹಬ್ಬವಾಯಿತು. ಗುಲಾಬಸಾಬ ಈಚೆಗೆ ಮೀಸೆ ತಿದ್ದುತ್ತ ಲಾರಿ ಹೊಡೆಯುತ್ತಾನೆ ಎಂದರು, ಮದುಮಗನ ಲಾರಿ ಎಂದರು. ದುರ್ಗದ ಬೈಲಿನ ಪೇಟೆಯ ಇಕ್ಕಟ್ಟಿನಲ್ಲಿ ಕನ್ನಡಿ ಒಂದು ಅಂಗಡಿಯ ಬಿದಿರಿನ ತಟ್ಟಿಗೆ ತಾಗಿ ಒಡೆಯಿತು. ಇನ್ನೊಂದು ಕಟ್ಟಿದ, ಅದು ಎದುರಿಗೆ ಬಂದ ಹುಲ್ಲಿನ ಚಕ್ಕಡಿಗೆ ತಾಗಿ ಒಡೆಯಿತು. ಮೂರನೆಯದನ್ನು ಕಟ್ಟುವಾಗ ಸಾವಕಾರರು ಹುಬ್ಬು ಗಂಟು ಹಾಕಿದರೇ ಹೊರತು ಬೇಡ ಅನ್ನಲಿಲ್ಲ. ದಾನವ್ವನ ಮುಖ ಅವರಿಗೂ ಪೂರ್ತಿ ಮರೆತಿರಲಿಲ್ಲ ಎಂದು ಕಾಣುತ್ತದೆ.

ಈರವ್ವನಿಂದ ಹತ್ತಿ ಆಯುವ ಕೆಲಸ ಬಿಡಿಸಬೇಕೆಂದು ಗಂಡ ಹೆಂಡತಿ ಇಬ್ಬರೂ ಪ್ರಯತ್ನಪಟ್ಟರು. ಖಾತುನಬಿ ಅವಳನ್ನು ಗಾದಿ ಹೊಲಿಯಲು ಕರೆದಳು. ಒಂದು ಮಳೆಗಾಲ ಹೊಲಿದಳು ಕೂಡ, ಆದರೆ ಇಬ್ಬರಿಗೆ ಆಗುವಷ್ಟು ಗಾದಿಯ ಕೆಲಸ ಆ ಓಣಿಯಲ್ಲಿರಲಿಲ್ಲ. ಸುಗ್ಗಿ ಬಂದಾಗ ಮತ್ತೆ ಮಡಿಲು ಕಟ್ಟಿದಳು. ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದಳು. ಲಾರಿಯ ಎಂಜಿನ್ ಸುಮ್ಮನಾಗಿ, ಡ್ರೈವರ್ ಕೆಳಗಿಳಿದು ಬೀಡಿ ಹಚ್ಚುವತನಕ ಹಿಂದೆ ಸುಳಿಯಬಾರದು ಎಂದು ತಾನೇ ಒಂದು ಕಟ್ಟಳೆ ಮಾಡಿಕೊಂಡಳು, ಉಳಿದ ಹೆಂಗಸರಿಗೂ ಕಲಿಸಿದಳು. ಅಷ್ಟರೊಳಗೆ ಹಮಾಲರು ಬಂದು ಅವರನ್ನು ಓಡಿಸುತ್ತಿದ್ದರು. ಕೈಗೆ ಸಿಗುವುದು ಅರ್ಧಕ್ಕರ್ಧ ಕಡಿಮೆಯಾಯಿತು, ಆದರೂ ನಾಲ್ಕು ವರ್ಷ ಆ ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ.

ಪೇಟೆಗೆ ಲಾರಿಗಳು ಹೆಚ್ಚುತ್ತ ಬಂದವು. ಹತ್ತು ಲಾರಿಯಲ್ಲಿ ಒಂದಕ್ಕೆ ಕನ್ನಡಿ ಇದ್ದರೆ ಉಳಿದ ಒಂಬತ್ತರ ಬೆನ್ನಿಗೆ ಕುರುಡೇ. ಗುಲಾಬಸಾಬ ಡ್ರೈವರುಗಳನ್ನು ಕೇಳಿಕೊಂಡ, ಮಾಲೀಕರಿಗೆ ಕೈ ಮುಗಿದ. ಸರಕಾರ ಹೇಳಿದರೆ ಹಾಕುತ್ತೇವೆ ಅಂದರು. ಸರಿ, ಸರಕಾರಕ್ಕೇ ಹೇಳಿಸೋಣ ಎಂದುಕೊಂಡ. ಓದು ಬರಹ ಇಲ್ಲದ ಮನುಷ್ಯನಿಗೆ ಸರಕಾರ ಎಂದರೆ ಎಲ್ಲಿದೆ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದೂ ಗೊತ್ತಿರಲಿಲ್ಲ.

ಬಾಗಿಲು ತೋರಿಸಿದವಳು ಧಾರವಾಡದ ಮಾಳಮಡ್ಡಿಯ ಸುಲಭಾಬಾಯಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಗುಲಾಬಸಾಬ ಅವಳ ಮನೆಗೆ ಕಟ್ಟಿಗೆ ಇಳಿಸಲು ಹೋದಾಗ ಅವಳೇ ಆ ಕನ್ನಡಿ ಯಾಕೆ ಎಂದು ಕೇಳಿದಳು. ನಗಲಿಕ್ಕಲ್ಲದೆ ಬೇರೆ ಕಾರಣಕ್ಕೆ ಹಾಗೆ ಕೇಳಿದವಳು ಅವಳೊಬ್ಬಳೇ. ಅವನು ಕಟ್ಟಿಗೆ ಇಳಿಸುವುದನ್ನು ಬಿಟ್ಟು ಎಲ್ಲ ಹೇಳಿದ. ಅವಳು ಒಳಗೆ ಹೋಗಿ ಕಾಗದ ತಂದಳು. ಎರಡು ವರ್ಷದಲ್ಲಿ ಅವಳು ಅವನ ಪರವಾಗಿ ಮುಂಬೈ ಸರಕಾರಕ್ಕೆ ಮೂರು ಅರ್ಜಿ ಬರೆದಳು. ಮೂರಕ್ಕೂ ನಿಮ್ಮ ಅರ್ಜಿ ತಲುಪಿದೆ ಎಂಬ ಉತ್ತರ ಬಂತು. ಗುಲಾಬಸಾಬ ಆ ಮೂರು ಕಾಗದಗಳನ್ನೂ ಮಡಚಿ ಕೋಟಿನ ಒಳಗಿನ ಕಿಸೆಯಲ್ಲಿ ಇಟ್ಟುಕೊಂಡ. ತಲುಪಿದೆಯಲ್ಲ, ಅಷ್ಟಾದರೂ ಆಯಿತಲ್ಲ ಎಂದು ಅವನಿಗೆ ಸಮಾಧಾನ.

ಅಷ್ಟರಲ್ಲಿ ಮೋಟಾರುಗಳಿಗೆ ಹೊಸ ಕಾಯ್ದೆ, ಹೊಸ ನಿಯಮ ಆಗುತ್ತವೆ, ಅದಕ್ಕೆ ಒಬ್ಬ ಅಧಿಕಾರಿ ಧಾರವಾಡದ ಕಚೇರಿಯಲ್ಲಿ ಕೂತು ಜನರ ಮಾತು ಕೇಳುತ್ತಾರೆ ಎಂಬ ಸುದ್ದಿ ಬಂತು. ಗುಲಾಬಸಾಬ ರಂಜಾನಿಗೆ ಹೊಲಿಸಿದ ಕೋಟು ಹಾಕಿಕೊಂಡು ಹೋದ. ಮುಂದಿನ ಸಾಲಿನ ಕುರ್ಚಿಗಳ ಮೇಲೆ ಲಾರಿಯ ಮಾಲೀಕರು ಕೂತಿದ್ದರು, ಅವರಲ್ಲಿ ನೀಲಕಂಠಪ್ಪ ಸಾವಕಾರರೂ ಇದ್ದರು. ಅವರೆಲ್ಲರ ತೆರಿಗೆಯ ಗೋಳು, ಪರವಾನಗಿಯ ಗೋಳು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅಧಿಕಾರಿ ಎದ್ದೇಳುವ ತಯಾರಿಯಲ್ಲಿದ್ದಾಗ ಸುಲಭಾಬಾಯಿ ನಿಂತು ಇನ್ನೊಬ್ಬರು ಇದ್ದಾರೆ ಎಂದಳು.

ಗುಲಾಬಸಾಬ ಮುಂದೆ ಹೋಗಿ ಒಂದು ಖಾಲಿ ಕುರ್ಚಿ ಎಳೆದುಕೊಂಡ. ಅದರ ಬಲ ತುದಿಗೆ ಸರಿದು ಕೂತ. ಕಚೇರಿಯಲ್ಲಿ ಕೇಳದೆ ಕುರ್ಚಿಯ ಮೇಲೆ ಕೂತವನನ್ನು ನೋಡಿ ಜವಾನ ಹೌಹಾರಿದ.

"ನಾ ಇಲ್ಲಿ ಕುಂತಿರ್ತೇನ್ರಿ ಸಾಹೇಬ್ರ. ಈ ಬಲಕ್ಕ ತಲಿ ಹೊರಗ ಹಾಕಿದ್ರ ಹಿಂದ ಕಾಣತೈತಿ, ಇದಕ್ಕ ಕನ್ನಡಿ ಬ್ಯಾಡ. ಆ ಎಡಕ್ಕ ಹಿಂದ ಮನಷ್ಯಾ ಸತ್ರೂ ನನಗ ಗೊತ್ತಾಗೂದಿಲ್ಲ. ಗೊತ್ತಾಗಲಿಲ್ರಿ. ಕನ್ನಡಿ ಆ ಕಡಿ ಬೇಕು."

ಸುಲಭಾಬಾಯಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅಧಿಕಾರಿ ತಲೆಯಾಡಿಸಿದರು, ಒಳ್ಳೆಯ ಸೂಚನೆ ಎಂದರು, ಕಾಗದದ ಮೇಲೆ ಒಂದು ಸಾಲು ಬರೆದುಕೊಂಡರು. ಆ ಒಂದು ಸಾಲಿನಲ್ಲಿ ಏನಿತ್ತೋ ದೇವರಿಗೇ ಗೊತ್ತು. ಹೊರಗೆ ಬಂದ ಮೇಲೆ ನೀಲಕಂಠಪ್ಪನವರು ಸಿಟ್ಟು ಮಾಡಲಿಲ್ಲ. ನೀನು ಹೇಳಿದ್ದು ಖರೆ, ಆದರೆ ಎಡಕ್ಕೆ ಕಟ್ಟಿದ್ದು ನಮ್ಮ ಓಣಿಗಳಲ್ಲಿ ಉಳಿಯುವುದಿಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು ಎಂದಷ್ಟೇ ಹೇಳಿ ಟಾಂಗಾ ಹತ್ತಿದರು. ಗುಲಾಬಸಾಬನ ಕಿವಿಗೆ ಆ ಮಾತು ಬೀಳಲೇ ಇಲ್ಲ. ಸಾಹೇಬರು ಬರೆದುಕೊಂಡರು ಎಂಬ ಸಂತೋಷದಲ್ಲಿ ಅವನು ತೇಲುತ್ತಿದ್ದ.

ಯುದ್ಧ ಶುರುವಾಯಿತು. ಕನ್ನಡಿಯ ಮಾತು ಎಲ್ಲೋ ಮುಚ್ಚಿಹೋಯಿತು ಎಂದು ಸುಲಭಾಬಾಯಿಯೂ ಕೈಬಿಟ್ಟಿದ್ದಳು. ಆದರೆ ಒಂದು ದಿನ ಗುಲಾಬಸಾಬ ಮಾಳಮಡ್ಡಿಗೆ ಹೋದಾಗ ಅವಳು ಪೇಪರು ಹಿಡಿದುಕೊಂಡು ಅವನ ಲಾರಿಗೆ ಎದುರಾಗಿಯೇ ಬಂದಳು.

"ಬಂತು ನೋಡ್ರಿ ಗುಲಾಬಸಾಬ. ಸಾಮಾನು ಹೊರೋ ಮೋಟಾರಿಗೆಲ್ಲಾ ಹಿಂದಿನದು ಕಾಣೋ ಹಂಗ ಕನ್ನಡಿ ಇರಬೇಕಂತ. ನಿಯಮ ಆಗ್ಯದ."

ಅವಳು ಅದನ್ನು ಎರಡು ಸಲ ಓದಿ ಹೇಳಿದಳು. ಎಡಕ್ಕೋ ಬಲಕ್ಕೋ ಎಂದು ಅವನು ಕೇಳಲಿಲ್ಲ, ಅವಳೂ ನೋಡಲಿಲ್ಲ. ಇಷ್ಟು ದಿನ ಇಬ್ಬರೂ ಎಡಗಡೆಯ ಮಾತನ್ನೇ ಆಡಿದ್ದರು. ಅವರ ಮಟ್ಟಿಗೆ ಲೋಕದಲ್ಲಿ ಬೇರೆ ಗಡೆಯೇ ಇರಲಿಲ್ಲ.

ಅವನು ಹುಬ್ಬಳ್ಳಿಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ದಾರಿಯಲ್ಲಿ ಒಂದು ಪೊಟ್ಟಣ ಸಕ್ಕರೆ ಕಟ್ಟಿಸಿಕೊಂಡ. ಗಿರಣಿಯ ಮುಂದೆ ಲಾರಿ ನಿಲ್ಲಿಸಿ, ಹತ್ತಿ ಆಯುವ ಹೆಂಗಸರು ಕೂತ ಬೇವಿನ ಮರದ ನೆರಳಿಗೆ ಹೋಗಿ ಒಬ್ಬೊಬ್ಬರ ಅಂಗೈಗೂ ಸಕ್ಕರೆ ಹಾಕಿದ. ಎಲ್ಲ ಲಾರಿಗೂ ಕನ್ನಡಿ ಬರುತ್ತದೆ, ಬರುವ ತಿಂಗಳ ತಪಾಸಣೆಯ ಒಳಗೆ ಹಾಕಲೇಬೇಕು, ಹಾಕದಿದ್ದರೆ ಲಾರಿ ರಸ್ತೆಗೆ ಇಳಿಯುವ ಹಾಗಿಲ್ಲ ಎಂದ. ಈರವ್ವ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ ಅವನ ಮುಖ ನೋಡಿದಳು.

"ಅಂದ್ರ ಇನ್ನ ನಾವು ಅವರಿಗೆ ಕಾಣತೇವೇನ್ರಿ ಕಾಕಾ?"

"ಕಾಣತೀರೆವ್ವಾ. ಇನ್ನ ಕಾಣತೀರಿ."

ಅವಳು ಆಗ ಸಕ್ಕರೆ ತಿಂದಳು. ನಾಲ್ಕು ವರ್ಷದಲ್ಲಿ ಅವನು ಅವಳ ನಗು ನೋಡಿದ್ದು ಅದೇ ಮೊದಲು.

ತಪಾಸಣೆಯ ದಿನ ಊರಿನ ಲಾರಿಗಳನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಗುಲಾಬಸಾಬ ತನ್ನದನ್ನು ನಿಲ್ಲಿಸಿ ಮದುವೆಯ ಮನೆಯ ಯಜಮಾನನಂತೆ ಸಾಲಿನುದ್ದಕ್ಕೂ ನಡೆದ. ಮೊದಲಿನ ಲಾರಿಗೆ ಕನ್ನಡಿ ಬಲಗಡೆ ಇತ್ತು. ಯಾರೋ ತಿಳಿಯದೆ ಹಾಕಿದ್ದಾರೆ ಎಂದುಕೊಂಡ. ಎರಡನೆಯದಕ್ಕೂ ಬಲಗಡೆ. ಕೊನೆಯವರೆಗೆ ಹೋಗಿ ತಿರುಗಿ ಬಂದ. ಬಲ, ಬಲ, ಬಲ. ಅಂಗೈಯಗಲದ ಸಣ್ಣ ಕನ್ನಡಿಗಳು, ಡ್ರೈವರನ ಮೊಣಕೈಯ ಹತ್ತಿರ, ಯಾವ ಗೋಡೆಗೂ ತಾಗದ ಹಾಗೆ ಒಳಕ್ಕೆ ಸರಿಸಿ ಕೂರಿಸಿದ್ದವು.

ತಪಾಸಣೆಯ ಸಾಹೇಬರು ಸಮಾಧಾನದ ಮನುಷ್ಯ. ಅವನ ಮಾತನ್ನು ಪೂರ್ತಿ ಕೇಳಿ ನಿಯಮದ ಪುಸ್ತಕ ತೆಗೆದು ತೋರಿಸಿದರು. ಒಂದು ಕನ್ನಡಿ ಇರಬೇಕು ಎಂದಿದೆ, ಯಾವ ಕಡೆಗೆ ಎಂದಿಲ್ಲ. ಇದ್ದರೆ ನಾನು ಪಾಸು ಮಾಡಬೇಕು, ನಿನ್ನದೂ ಪಾಸು, ಅವರದೂ ಪಾಸು ಎಂದರು. ಅವರದೇನೂ ತಪ್ಪಿಲ್ಲ. ಈ ಕತೆಯಲ್ಲಿ ಯಾರದೂ ತಪ್ಪಿಲ್ಲ, ಅದೇ ಇದರ ದರಿದ್ರ.

ಕ್ಲೀನರ್ ಆಗಿದ್ದ ಕಾಸಿಮಸಾಬ ಈಗ ಇನ್ನೊಬ್ಬ ಮಾಲೀಕರ ಲಾರಿಗೆ ಡ್ರೈವರ್ ಆಗಿದ್ದ. ಗುರುವನ್ನು ಸಮಾಧಾನ ಮಾಡಲು ಅವನು ಹತ್ತಿರ ಬಂದ. ಕನ್ನಡಿಯಿಂದ ಬಹಳ ಅನುಕೂಲವಾಯಿತು, ಮೊದಲು ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ಹೊರಗೆ ಹಾಕಿ ಹಾಕಿ ನೋವು ಬರುತ್ತಿತ್ತು, ಕ್ಲೀನರನನ್ನು ಇಳಿಸಿ ಕೂಗಿಸಬೇಕಾಗಿತ್ತು, ಈಗ ಯಾವುದೂ ಬೇಡ, ಇದರಲ್ಲೇ ಒಮ್ಮೆ ಕಣ್ಣು ಹಾಯಿಸಿದರೆ ಆಯಿತು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಗುಲಾಬಸಾಬನಿಗೆ ಆಗ ಹೊಳೆಯಿತು: ಮೊದಲು ಹಿಂದೆ ನಿಂತು ಕೂಗುವ ಒಂದು ಬಾಯಿಯಾದರೂ ಇತ್ತು, ತನ್ನ ನಿಯಮ ಅದನ್ನೂ ಮುಚ್ಚಿಸಿತು.

ಅಂದೇ ಅವನು ಬೇವಿನ ಮರದ ಬುಡಕ್ಕೆ ಹೋಗಿ, ತಾಯಂದಿರಾ, ನಾನು ಹೇಳಿದ್ದು ಸುಳ್ಳಾಯಿತು, ನೀವು ಮೊದಲಿನ ಹಾಗೇ ದೂರ ಇರಿ ಎನ್ನಬೇಕಾಗಿತ್ತು. ಐದು ನಿಮಿಷದ ಕೆಲಸ. ಇಲ್ಲಿ ಅವನನ್ನು ಬೈಯದೆ ಬಿಡಲಾಗುವುದಿಲ್ಲ. ಹೋಗಲಿಲ್ಲ. ಧಾರವಾಡಕ್ಕೆ ಹೋದ. ಸುಲಭಾಬಾಯಿ ನಾಲ್ಕನೆಯ ಅರ್ಜಿ ಬರೆದಳು: ಕನ್ನಡಿ ಎಡಗಡೆಗೇ ಇರತಕ್ಕದ್ದು ಎಂಬ ಒಂದು ಮಾತು ಸೇರಿಸಬೇಕು. ತಿಂಗಳೊಳಗೆ ಉತ್ತರ ಬರಬಹುದು ಎಂದಳು. ಸರಿ, ಉತ್ತರ ಬರಲಿ, ಬಂದರೆ ಎಲ್ಲ ಸರಿಹೋಗುತ್ತದೆ, ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಬೇಡ ಎಂದು ಗುಲಾಬಸಾಬ ಲೆಕ್ಕ ಹಾಕಿದ.

ಎರಡು ಸಲ ಹೇಳಲು ಹೊರಟಿದ್ದೂ ಉಂಟು. ಮೊದಲನೆಯ ಸಲ ಈರವ್ವ ಬೇರೆಯವರ ಜೊತೆ ನಗುತ್ತ ಬುತ್ತಿ ಬಿಚ್ಚಿದ್ದಳು. ಊಟದ ಹೊತ್ತಿನಲ್ಲಿ ಬೇಡ ಎಂದು ಮರಳಿದ. ಎರಡನೆಯ ಸಲ ಅವಳು ಅವನ ಲಾರಿಯ ಹಿಂದಿನ ಮೂಲೆಯಲ್ಲೇ ಇದ್ದಳು. ಅವನ ಕನ್ನಡಿಯನ್ನು ನೋಡಿ ಹತ್ತಿ ತುಂಬಿದ ಕೈಯನ್ನು ಎತ್ತಿದಳು, ನಾನಿಲ್ಲಿದ್ದೇನೆ ಎನ್ನುವ ಹಾಗೆ. ಸಣ್ಣ ಮಗುವಿನ ಆಟದಂತಿತ್ತು. ಅವನು ಲಾರಿಯ ಪೋಂಗಾ ಒತ್ತಿ ಸದ್ದು ಮಾಡಿ, ಕಂಡೆ ಎಂದು ತಿಳಿಸಿದ. ಎಂಜಿನ್ ನಿಲ್ಲುವವರೆಗೆ ಕಾಯುವ ಕಟ್ಟಳೆಯನ್ನು ಅವಳು ಬಿಟ್ಟುಬಿಟ್ಟಿದ್ದಾಳೆ ಎಂಬುದು ಆಗ ಅವನಿಗೆ ಸ್ಪಷ್ಟವಾಗಿ ಕಂಡಿತು. ಹತ್ತಿಯಿಂದ ಮಡಿಲು ತುಂಬಿತ್ತು ಅವಳಿಗೆ. ಆ ಮಡಿಲನ್ನು ಹೇಗೆ ಬರಿದು ಮಾಡುವುದು? ನಾಳೆ ಹೇಳೋಣ ಎಂದುಕೊಂಡ.

ತಪಾಸಣೆಯಾಗಿ ಇಪ್ಪತ್ತೆರಡನೆಯ ದಿನ, ಗೂಡ್ಸ್ ಶೆಡ್ಡಿನ ಹತ್ತಿರದ ಇನ್ನೊಂದು ಗಿರಣಿಯ ಬಾಗಿಲಲ್ಲಿ ಕಾಸಿಮಸಾಬ ಲಾರಿಯನ್ನು ಹಿಂದಕ್ಕೆ ತೆಗೆದ. ಈರವ್ವ ಎಡಗಡೆಯ ಮೂಲೆಯಲ್ಲಿದ್ದಳು. ಲಾರಿ ಅಲುಗಿದಾಗ ಅವಳು ಓಡಲಿಲ್ಲ, ಕೈ ಎತ್ತಿದಳು ಎಂದು ನೋಡಿದ ಹಮಾಲರು ಆಮೇಲೆ ಹೇಳಿದರು. ಕೂಗು ಕೇಳಿ ಲಾರಿ ನಿಂತಿತು, ಜೀವ ಉಳಿಯಿತು. ಬಲಗಾಲು ಮೊಣಕಾಲಿನವರೆಗೆ ಬಾಗಿಲಿನ ಕಂಬಕ್ಕೂ ಗಾಲಿಗೂ ನಡುವೆ ಅರೆದುಹೋಗಿತ್ತು.

ಸುದ್ದಿ ಕೇಳಿ ಬಂದ ಗುಲಾಬಸಾಬನೇ ತನ್ನ ಲಾರಿಯಲ್ಲಿ ಹತ್ತಿಯ ಅಂಡಗಿಯ ಮೇಲೆ ಮಲಗಿಸಿಕೊಂಡು ಅವಳನ್ನು ದವಾಖಾನೆಗೆ ಒಯ್ದ. ತಿರುಗಿ ಬಂದಾಗ ಪೊಲೀಸರು ಪಂಚನಾಮೆ ಬರೆಯುತ್ತಿದ್ದರು. ಹಳೆಯ ಡ್ರೈವರ್, ತಿಳಿದ ಮನುಷ್ಯ ಎಂದು ಅವನನ್ನೇ ಪಂಚನಾಗಿ ಕರೆದರು. ಕಾಸಿಮಸಾಬ ನೆಲದ ಮೇಲೆ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ಕನ್ನಡಿ ನೋಡಿದ್ದೆ, ಖರೇನೇ ನೋಡಿದ್ದೆ, ಹಿಂದೆ ಏನೂ ಇರಲಿಲ್ಲ ಎಂದು ಅದನ್ನೇ ಅನ್ನುತ್ತಿದ್ದ. ಹವಾಲ್ದಾರ ಕೇಳಿದ: ನಿಯಮದ ಪ್ರಕಾರ ಲಾರಿಗೆ ಕನ್ನಡಿ ಇತ್ತೋ ಇಲ್ಲವೋ? ಗುಲಾಬಸಾಬ ಇತ್ತು ಎಂದ. ಆದರೆ ಅದು ಬಲಗಡೆ ಎಂದು ಮುಂದುವರಿಸಿದ. ಅದನ್ನು ಬರೆಯುವ ಜಾಗ ಇದರಲ್ಲಿಲ್ಲ ಎಂದ ಹವಾಲ್ದಾರ. ಇತ್ತು ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಕಾಸಿಮಸಾಬನೂ ಅವನ ಮಾಲೀಕರೂ ಅಲ್ಲಿಗೆ ಪಾರಾದರು. ನಿಯಮಕ್ಕಾಗಿ ನಾಲ್ಕು ವರ್ಷ ಅಲೆದವನ ಹೆಬ್ಬೆಟ್ಟಿಗೆ ಆ ನಿಯಮದಿಂದ ಬಂದ ಉಪಯೋಗ ಅಷ್ಟೇ.

ದವಾಖಾನೆಯಲ್ಲಿ ಡಾಕ್ಟರು ಕಾಲನ್ನು ತೆಗೆದುಹಾಕಿದ್ದರು. ಐದನೆಯ ದಿನ ಜ್ವರ ಇಳಿಯಿತು. ಖಾತುನಬಿ ಅವಳ ಹತ್ತಿರ ಕೂತು ಗಂಜಿ ಕುಡಿಸುತ್ತಿದ್ದಾಗ ಗುಲಾಬಸಾಬ ಒಳಗೆ ಬಂದು ಮಂಚದ ಕಾಲ್ದೆಸೆಗೆ ನಿಂತ. ಕಾಲ್ದೆಸೆಯಲ್ಲಿ ನೋಡಬಾರದ್ದೇ ಕಾಣುತ್ತಿತ್ತು, ಅದಕ್ಕೆ ಪಕ್ಕಕ್ಕೆ ಸರಿದ.

"ಕಾಕಾ," ಎಂದಳು ಈರವ್ವ. "ಆ ಲಾರಿಗೆ ಕನ್ನಡಿ ಇರಲಿಲ್ಲೇನ್ರಿ?"

ಇರಲಿಲ್ಲ ಎಂದುಬಿಡಬಹುದಾಗಿತ್ತು. ಅವಳು ನಂಬುತ್ತಿದ್ದಳು. ಕಾಸಿಮಸಾಬನನ್ನು ಬೈದು, ಸರಕಾರವನ್ನು ಬೈದು, ಕಾಕಾನನ್ನು ಮೊದಲಿನ ಹಾಗೆ ಕಾಕಾ ಎನ್ನುತ್ತಲೇ ಇರುತ್ತಿದ್ದಳು. ಅವನ ಬಾಯಿಯವರೆಗೂ ಆ ಮಾತು ಬಂದಿತ್ತು.

"ಇತ್ತವ್ವಾ. ಬಲಕ್ಕಿತ್ತು. ಎಲ್ಲಾ ಲಾರಿಗೂ ಬಲಕ್ಕಽ ಐತಿ. ನೀವು ನಿಂದ್ರೂ ಕಡಿ ಅವರಿಗೆ ಇನ್ನೂ ಕಾಣೂದಿಲ್ಲ."

ಅವಳು ಮೊಣಕೈ ಊರಿ ತಲೆ ಎತ್ತಿದಳು.

"ನಿಮಗ ಯಾವಾಗ ಗೊತ್ತಾತ್ರಿ?"

"ತಪಾಸಣಿ ದಿನ."

ಖಾತುನಬಿಯ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಅವಳಿಗೂ ಅವನು ಹೇಳಿರಲಿಲ್ಲ. ಈರವ್ವ ನಿಧಾನವಾಗಿ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ಖಾತುನಬಿ ಬೇಡ ಎಂದು ಕಣ್ಣಿನಲ್ಲೇ ತಡೆದಳು.

ಆಮೇಲೆ ಈರವ್ವ ಅವರ ಮನೆಯಲ್ಲಿಯೇ ಉಳಿದಳು. ಹೋಗಲು ಬೇರೆ ಎಲ್ಲಿತ್ತು ಅವಳಿಗೆ? ಗೋಡೆಗೆ ಒರಗಿ ಕೂತು ಖಾತುನಬಿಯ ಜೊತೆ ಗಾದಿ ಹೊಲಿಯುತ್ತಿದ್ದಳು, ಅವಳ ಹತ್ತಿರ ಮಾತಾಡುತ್ತಿದ್ದಳು, ಕೆಲವೊಮ್ಮೆ ನಗುತ್ತಲೂ ಇದ್ದಳು. ಗುಲಾಬಸಾಬ ಸಂಜೆ ಲಾರಿ ಬಿಟ್ಟು ಅಂಗಳಕ್ಕೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು. ಅವನು ಕೈಕಾಲು ತೊಳೆದುಕೊಂಡು ಹೊರಗಿನ ಕಟ್ಟೆಯ ಮೇಲೆಯೇ ಕೂತು ಊಟ ಮಾಡುತ್ತಿದ್ದ.